ಕೊಟ್ಟಿಗೆ ಮೂಲೆಯ ಹಳೇ ಬ್ಯಾಟರಿ: ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ

ಹೋದ ವರ್ಷ ಯುಗಾದಿ ಕಳೆದು ಎರಡು ವಾರ ಆಗಿತ್ತು. ಬೆಳಿಗ್ಗೆ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋದ ಅಮ್ಮ ಖಾಲಿ ಬಕೆಟ್ ಹಿಡ್ಕೊಂಡೇ ವಾಪಸ್ ಬಂದ್ಲು. "ಕರು ಯಾಕೋ ಗೋಡೆಗೆ ತಲೆ ಒತ್ಕೊಂಡು ನಿಂತೈತೆ, ಬಂದು ನೋಡು" ಅಂದ್ಲು. ಏಳು ತಿಂಗಳ ಹೆಣ್ಣು ಕರು, ಎಚ್.ಎಫ್. ಕ್ರಾಸ್. ಹೋಗಿ ನೋಡಿದ್ರೆ ಹಲ್ಲು ಕಡೀತಾ ಇದೆ, ಕಿವಿ ಅದುರ್ತಾ ಇದೆ, ಕಣ್ಣ ಮುಂದೆ ಕೈ ಆಡಿಸಿದ್ರೂ ರೆಪ್ಪೆ ಮಿಟುಕಿಸ್ತಿಲ್ಲ. ಹಗ್ಗ ಬಿಚ್ಚಿದ್ದೇ ತಡ, ನೇರ ಹೋಗಿ ಕಂಬಕ್ಕೆ ಡಿಕ್ಕಿ ಹೊಡೀತು.

ಪಶು ಆಸ್ಪತ್ರೆ ಡಾಕ್ಟರ್ ಬಂದವರು ಮೊದಲು ಹೇಳಿದ್ದು, "ಬಾಯಿಗೆ ಕೈ ಹಾಕಬೇಡಿ, ಹುಚ್ಚುನಾಯಿ ಕಚ್ಚಿದ್ರೂ ಹಿಂಗೇ ಆಗುತ್ತೆ" ಅಂತ. ಆಮೇಲೆ ಕೊಟ್ಟಿಗೆ ಸುತ್ತ ಒಂದು ರೌಂಡ್ ಹಾಕಿ ಬಂದು ಇನ್ನೊಂದು ಪ್ರಶ್ನೆ ಕೇಳಿದ್ರು: "ಇಲ್ಲೆಲ್ಲಾದ್ರೂ ಬ್ಯಾಟರಿ ಒಡೆದಿದ್ರಾ?"

ಒಡೆದಿದ್ದೆ. ನಾನೇ ಒಡೆದಿದ್ದೆ.

ನಮ್ಮ ಟ್ರ್ಯಾಕ್ಟರ್‌ನ ಹಳೇ ಬ್ಯಾಟರಿ ಎರಡು ವರ್ಷದಿಂದ ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಊರೊಳಗೆ ಬರೋ ಗುಜರಿ ಆಟೋದವನಿಗೆ ತೋರಿಸಿದ್ರೆ, "ಹಿಂಗೇ ಕೊಟ್ರೆ ಕಮ್ಮಿ ರೇಟು. ನೀರು ಚೆಲ್ಲಿ, ಪ್ಲೇಟ್ ಬಿಚ್ಚಿ ಕೊಡಿ, ಜಾಸ್ತಿ ಕೊಡ್ತೀನಿ" ಅಂದ. ಅವನು 'ನೀರು' ಅಂದಿದ್ದು ಗಂಧಕಾಮ್ಲನ. ನಾನೂ ಬುದ್ಧಿವಂತ ಅಲ್ವಾ, ಆಸಿಡ್‌ನ ಬಣವೆ ಪಕ್ಕದ ಕಾಲುವೆಗೆ ಬಗ್ಗಿಸಿ, ಕೊಡಲಿ ಹಿಂಭಾಗದಲ್ಲಿ ಡಬ್ಬ ಒಡೆದು ಪ್ಲೇಟ್ ತೆಗೆದುಕೊಟ್ಟೆ. ಮುನ್ನೂರು ಚಿಲ್ಲರೆ ರೂಪಾಯಿ ಹೆಚ್ಚಿಗೆ ಸಿಕ್ತು. ಬೂದು ಬಣ್ಣದ ಪುಡಿ, ಬೆರಳುದ್ದದ ಚೂರುಗಳು ಅಲ್ಲೇ ಬಣವೆ ಬುಡದಲ್ಲಿ ಉಳಿದವು. ಮಳೆ ಬಂದ್ರೆ ಕೊಚ್ಕೊಂಡು ಹೋಗುತ್ತೆ ಅಂತ ಬಿಟ್ಟೆ.

ದನಗಳಿಗೆ ಬ್ಯಾಟರಿ ಪ್ಲೇಟ್ ನೆಕ್ಕೋ ಚಟ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಸೀಸದ ಉಪ್ಪುಗಳ ರುಚಿ ಅವಕ್ಕೆ ಹಿಡಿಸುತ್ತೆ. ಅದರಲ್ಲೂ ಕರುಗಳು ಹೊಸದೇನು ಕಂಡ್ರೂ ಬಾಯಿ ಹಾಕ್ತವೆ. ನುಂಗಿದ ಚೂರು ಜೇನುಗೂಡಿನ ಹಾಗಿರೋ ಎರಡನೇ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡು, ದಿನವೂ ಸ್ವಲ್ಪ ಸ್ವಲ್ಪ ಕರಗಿ ರಕ್ತಕ್ಕೆ ಸೇರುತ್ತೆ, ಅಲ್ಲಿಂದ ಮಿದುಳಿಗೆ. ಡಾಕ್ಟರ್ ಇಂಜೆಕ್ಷನ್ ಕೊಟ್ರು, ಡ್ರಿಪ್ ಹಾಕಿದ್ರು. ಮಾರನೇ ದಿನ ಸಂಜೆ ಕರು ಹೋಯ್ತು. ಹೊಟ್ಟೆ ಕೊಯ್ದು ನೋಡಿದಾಗ ಕಡಲೆಬೀಜದ ಗಾತ್ರದ ಬೂದು ಚೂರುಗಳು ಸಿಕ್ಕವು. ತಾಯಿ ಹಸುವೂ ಅದೇ ಬಣವೆ ಹತ್ರ ಕಟ್ಟಿ ಮೇಯ್ದಿದ್ದರಿಂದ, ಸೀಸ ಹಾಲಿನಲ್ಲೂ ಇಳಿಯುತ್ತೆ, ನಾನು ಹೇಳೋ ತನಕ ಡೈರಿಗೆ ಹಾಕಬೇಡಿ, ಮನೇಲೂ ಕುಡೀಬೇಡಿ ಅಂದ್ರು. ಮನೇಲಿ ಅಣ್ಣನ ಮಗು ಇದೆ, ಮೂರು ವರ್ಷದ್ದು. ಆ ಹಾಲು ಅಷ್ಟು ದಿನ ಕುಡಿದಿತ್ತು. ಅದರ ರಕ್ತ ಪರೀಕ್ಷೆ ರಿಪೋರ್ಟ್ ಬರೋ ತನಕ ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ರಿಪೋರ್ಟ್ ಚೆನ್ನಾಗಿಯೇ ಬಂತು. ಆದ್ರೆ ಆ ಹತ್ತು ದಿನ ಅತ್ತಿಗೆ ನನ್ನ ಮುಖ ನೋಡಿ ಮಾತಾಡಲಿಲ್ಲ.

ಇದನ್ನೆಲ್ಲ ಇಲ್ಲಿ ಬರೀತಾ ಇರೋದು ಯಾಕೆ ಅಂದ್ರೆ, ಇ-ತ್ಯಾಜ್ಯ ಅಂದ ಕೂಡಲೇ ನಾವು ಬೆಂಗಳೂರಿನ ಐಟಿ ಕಂಪನಿ, ಕಂಪ್ಯೂಟರ್ ರಾಶಿ ಅಂದ್ಕೋತೀವಿ. ನಿಮ್ಮ ತೋಟದ ಮನೆಯ ಅಟ್ಟ, ಪಂಪ್‌ಹೌಸ್ ಒಂದ್ಸಲ ಇಣುಕಿ ನೋಡಿ. ಸುಟ್ಟ ಸ್ಟಾರ್ಟರ್, ಹೊಗೆ ಬಂದ ಪ್ಯಾನಲ್ ಬೋರ್ಡ್, ಊದಿದ ಕೆಪಾಸಿಟರ್, ಔಷಧಿ ಹೊಡೆಯೋ ಬ್ಯಾಟರಿ ಪಂಪು, ಸೋಲಾರ್ ಬೇಲಿಯ ಝಟ್ಕಾ ಮೆಷಿನ್, ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್, ಯುಪಿಎಸ್, ಡಬ್ಬ ಟಿವಿ, ಎಮರ್ಜೆನ್ಸಿ ಲೈಟು, ನಾಲ್ಕೈದು ಸತ್ತ ಮೊಬೈಲು. ನಮ್ಮನೇಲಿ ಲೆಕ್ಕ ಹಾಕಿದಾಗ ಮೂವತ್ತೊಂದು ಐಟಂ ಸಿಕ್ಕಿದ್ವು. ನಾವಿರೋದು ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ, ನಾಲ್ಕೂವರೆ ಎಕರೆ ತೆಂಗು.

'ಡ್ರೈ ಬ್ಯಾಟರಿ' ಅನ್ನೋದು ಬರೀ ಹೆಸರಿಗೆ

ಮೊದಲು ಬ್ಯಾಟರಿ ವಿಷಯ ಪೂರ್ತಿ ಮುಗಿಸ್ತೀನಿ. ರೈತರ ಮನೆಯಲ್ಲಿರೋ ಹಳೇ ಸಾಮಾನಲ್ಲಿ ಅತೀ ಅಪಾಯದ್ದು ಅದೇ.

ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಝಟ್ಕಾ ಮೆಷಿನ್‌ನಲ್ಲಿ, ಹೆಚ್ಚಿನ ಸ್ಪ್ರೇಯರ್‌ಗಳಲ್ಲಿ ಬರೋ 12 ವೋಲ್ಟ್‌ನ ಪುಟ್ಟ ಸೀಲ್ಡ್ ಬ್ಯಾಟರಿ ಇದೆಯಲ್ಲ, ಅದನ್ನ ನಾವು 'ಡ್ರೈ ಬ್ಯಾಟರಿ' ಅಂತೀವಿ. ಅದೇನೂ ಒಣಗಿದ್ದಲ್ಲ. ಒಳಗೆ ಅದೇ ಸೀಸ, ಅದೇ ಆಸಿಡ್. ಆಸಿಡ್‌ನ ಗಾಜಿನ ನಾರಿನ ಹಾಳೆ ಹೀರಿಕೊಂಡಿರುತ್ತೆ ಅಷ್ಟೇ. ಬದುವಿನ ಮೇಲೆ ಎಸೆದ ಬ್ಯಾಟರಿ ಬಿಸಿಲಿಗೆ ಬಿರುಕು ಬಿಟ್ರೆ ಟ್ರ್ಯಾಕ್ಟರ್ ಬ್ಯಾಟರಿ ಒಡೆದ ಕಥೆಯೇ. ಲೇಬಲ್ ಮೇಲೆ ಇಂಗ್ಲಿಷ್‌ನಲ್ಲಿ 'ಪಿಬಿ' ಅಂತ ಎರಡಕ್ಷರ ಇದ್ರೆ ಸೀಸ ಅಂತ ಅರ್ಥ. ಪಕ್ಕದಲ್ಲಿ ಚಕ್ರ ಇರೋ ಕಸದ ಡಬ್ಬಕ್ಕೆ ಅಡ್ಡಗೀಟು ಹಾಕಿದ ಚಿತ್ರ ಇರುತ್ತೆ. ಇದನ್ನ ಕಸಕ್ಕೆ ಹಾಕಬೇಡಿ ಅನ್ನೋದರ ಗುರುತು ಅದು.

ಸೀಸ ಕೊಳೆಯಲ್ಲ, ಕರಗಿ ಮಾಯ ಆಗಲ್ಲ. ಮಣ್ಣಿಗೆ ಬಿದ್ದರೆ ಮೇಲ್ಪದರದಲ್ಲೇ ಹಿಡ್ಕೊಂಡು ಕೂರುತ್ತೆ. ಜೊತೆಗೆ ಆಸಿಡ್ ಬಿದ್ದು ಮಣ್ಣು ಹುಳಿಯಾದರೆ ಕೆಳಗೂ ಇಳಿಯುತ್ತೆ, ಬೇರೂ ಎಳೆದುಕೊಳ್ಳುತ್ತೆ. ಸೊಪ್ಪು, ಮೂಲಂಗಿ, ಕ್ಯಾರೆಟ್ ಥರದ ಬೆಳೆಯಲ್ಲಿ ಇದರ ಭಯ ಹೆಚ್ಚು, ಯಾಕಂದ್ರೆ ಮಣ್ಣಿನ ಧೂಳೇ ಎಲೆಗೆ, ಗೆಡ್ಡೆಗೆ ಅಂಟಿ ಅಡುಗೆಮನೆಗೆ ಬರುತ್ತೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇನ್ನೊಂದು ಮಾತು: ಮಣ್ಣು ಪರೀಕ್ಷೆ ಮಾಡಿಸಿದ್ದೀನಿ, ಎಲ್ಲ ಚೆನ್ನಾಗಿದೆ ಅಂತ ಕೂರಬೇಡಿ. ನಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ಇರೋದು 12 ಅಂಶ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಹೀಗೆ. ಅದರಲ್ಲಿ ಸೀಸದ ಕಾಲಂ ಇಲ್ಲ.

ಹಾಗಾದ್ರೆ ಏನು ಮಾಡ್ಬೇಕು? ಸೀಸದ ಬ್ಯಾಟರಿಗೆ ದಾರಿ ಸುಲಭ ಇದೆ. ಹೊಸದು ತಗೊಳ್ಳೋ ಅಂಗಡಿಗೇ ಹಳೇದನ್ನ ಇಡಿಯಾಗಿ, ಆಸಿಡ್ ಸಮೇತ ಕೊಟ್ಟು ಎಕ್ಸ್‌ಚೇಂಜ್ ಬೆಲೆ ಕೇಳಿ. ಡೀಲರ್‌ಗಳು ಹಳೇ ಬ್ಯಾಟರಿ ವಾಪಸ್ ತಗೋಬೇಕು, ಅದಕ್ಕೆ ಬೆಲೆಯಲ್ಲಿ ರಿಯಾಯಿತಿ ಕೊಡ್ಬೇಕು ಅನ್ನೋದು 2001ರ ನಿಯಮದಲ್ಲೇ ಇತ್ತು. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಸೀಸ, ಲಿಥಿಯಂ, ಸಣ್ಣದು, ದೊಡ್ಡದು ಎಲ್ಲದಕ್ಕೂ ತಯಾರಕರನ್ನೇ ಹೊಣೆ ಮಾಡಿದೆ. ಅದೇ ನಿಯಮ ಬಳಸೋ ನಮಗೂ ಒಂದು ಕೆಲಸ ಹೇಳಿದೆ: ಬೇರೆ ಕಸದ ಜೊತೆ ಬೆರೆಸದೆ ಪ್ರತ್ಯೇಕವಾಗಿ ಕೊಡೋದು. ನಾನು ಆ ಬ್ಯಾಟರಿನ ಹೊಸದು ತಂದ ದಿನವೇ ಕೊಟ್ಟಿದ್ರೆ ಗುಜರಿಯವನು ಕೊಟ್ಟಿದ್ದಕ್ಕಿಂತ ಹೆಚ್ಚೇ ಮುರಿದುಕೊಡ್ತಿದ್ರು. ಆವಾಗ ಅಪ್ಪ, "ಇರ್ಲಿ ಬಿಡೋ, ಯಾವುದಕ್ಕಾದ್ರೂ ಬರುತ್ತೆ" ಅಂದಿದ್ರು. ಹಳ್ಳಿ ಮನೆಗಳಲ್ಲಿ ಈ 'ಯಾವುದಕ್ಕಾದ್ರೂ ಬರುತ್ತೆ' ಅನ್ನೋ ಮಾತಿಗೆ ಎಷ್ಟು ಜಾಗ ಬಲಿ ಆಗಿದೆಯೋ!

ಈಗಿನ ಹೊಸ ಸ್ಪ್ರೇಯರ್‌ಗಳಲ್ಲಿ ಲಿಥಿಯಂ ಬ್ಯಾಟರಿ ಬರ್ತಿದೆ. ಹಗುರ, ಬಾಳಿಕೆ ಚೆನ್ನಾಗಿದೆ, ಆದ್ರೆ ಸಿಟ್ಟು ಜಾಸ್ತಿ. ಒಡೆದರೆ, ಚುಚ್ಚಿದರೆ, ಎರಡು ತುದಿ ತಂತಿಗೆ ತಾಗಿದರೆ ಬೆಂಕಿ ಹತ್ತುತ್ತೆ. ಊದಿದ ಬ್ಯಾಟರಿಯನ್ನ ಮತ್ತೆ ಚಾರ್ಜಿಗೆ ಹಾಕ್ಲೇಬೇಡಿ. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ಹಾಕಿದ ತಗಡಿನ ಡಬ್ಬದಲ್ಲಿಟ್ಟು, ಬಣವೆ, ಕೊಬ್ಬರಿ ಅಟ್ಟ, ಡೀಸೆಲ್ ಕ್ಯಾನ್ ಇವುಗಳಿಂದ ದೂರ ಇಡಿ.

ಪಂಪ್‌ಹೌಸ್ ಸಾಮಾನು

ಪ್ಯಾನಲ್ ಬೋರ್ಡಿನ ಕೆಪಾಸಿಟರ್, ನಮ್ಮ ಕಡೆ ಕಂಡೆನ್ಸರ್ ಅಂತಾರಲ್ಲ, ಅದು ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡ್ಕೊಂಡಿರುತ್ತೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಹೀರೋ ಆಗೋರನ್ನ ನೋಡಿದ್ದೀನಿ. ಒಬ್ಬರ ಅಂಗೈ ಸುಟ್ಟಿದ್ದನ್ನೂ ನೋಡಿದ್ದೀನಿ. ವೈರ್‌ಮನ್ ಕೈಲೇ ಡಿಸ್ಚಾರ್ಜ್ ಮಾಡಿಸಿ ತೆಗೆಸಿ. ತಾತನ ಕಾಲದ ಆಯಿಲ್ ಸ್ಟಾರ್ಟರ್ ಇನ್ನೂ ಇದ್ರೆ ಅದರೊಳಗಿನ ಎಣ್ಣೆನ ಬಾವಿ ಕಟ್ಟೆ ಪಕ್ಕ ಸುರೀಬೇಡಿ, ಕ್ಯಾನ್‌ನಲ್ಲಿ ಹಿಡಿದು ಮುಚ್ಚಿಡಿ.

ಕೇಬಲ್ ಸುಡೋ ವಿಷಯಕ್ಕೆ ಬರ್ತೀನಿ. ಮೋಟಾರ್ ಮೇಲೆತ್ತಿದಾಗ ಹಳೇ ಕೇಬಲ್ ತೆಗೆದು, ಸಂಜೆ ಹೊಲದ ಮೂಲೇಲಿ ಬೆಂಕಿ ಹಾಕಿ, ಬೆಳಿಗ್ಗೆ ತಾಮ್ರ ಆರಿಸಿಕೊಳ್ಳೋದು ನಮ್ಮೂರಲ್ಲಿ ಮಾಮೂಲು. ಕೇಬಲ್ ಮೇಲಿರೋದು ಪಿವಿಸಿ. ಅದನ್ನ ಸುಟ್ಟಾಗ ಬರೋ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಡಯಾಕ್ಸಿನ್ ಅನ್ನೋ ವಿಷವೂ ಇರುತ್ತೆ. ಈ ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು, ಹಸು ತಿಂದು, ಹಾಲಿನ ಕೊಬ್ಬಿನಲ್ಲಿ ಶೇಖರಣೆ ಆಗುತ್ತೆ. ಆರೋಗ್ಯದ ಮಾತಿಗೆ ಯಾರೂ ಕಿವಿಗೊಡದಿದ್ರೆ ದುಡ್ಡಿನ ಮಾತು ಹೇಳಿ: ಸುಟ್ಟ ತಾಮ್ರ ಕಪ್ಪಗಾಗಿರುತ್ತೆ, ಅದಕ್ಕೆ ಗುಜರಿಯಲ್ಲಿ ರೇಟು ಕಮ್ಮಿ. ಚಾಕುವಿನಲ್ಲಿ ಸಿಪ್ಪೆ ಸುಲಿದ ಹೊಳೆಯೋ ತಾಮ್ರಕ್ಕೆ ರೇಟು ಜಾಸ್ತಿ. ನಮ್ಮೂರಲ್ಲಿ ಕೇಬಲ್ ಸುಡೋದು ಅರ್ಧ ನಿಂತಿದ್ದು ಈ ಒಂದು ಮಾತಿಂದ.

ಡಬ್ಬ ಟಿವಿಯ ಗಾಜಿನಲ್ಲೂ ಸೀಸ ಇದೆ, ಕೆ.ಜಿ. ಲೆಕ್ಕದಲ್ಲಿ. ಒಳಗಿನ ತಾಮ್ರದ ಸುರುಳಿಗಾಗಿ ಒಡೆದು ಗಾಜನ್ನ ಹಳ್ಳಕ್ಕೆ ಎಸೆದು ಹೋಗ್ತಾರೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತೆ, ಎಲ್‌ಇಡಿಯಲ್ಲಿ ಇರಲ್ಲ. ಮನೇಲಿ ಸಿಎಫ್‌ಎಲ್ ಒಡೆದರೆ ಪೊರಕೆ ಹಿಡೀಬೇಡಿ. ಮಕ್ಕಳನ್ನ ಆಚೆ ಕಳಿಸಿ, ಕಿಟಕಿ ಬಾಗಿಲು ತೆಗೆದು ಕಾಲು ಗಂಟೆ ಬಿಟ್ಟು, ರಟ್ಟಿನಿಂದ ಬಾಚಿ, ಸಣ್ಣ ಚೂರನ್ನ ಸೆಲ್ಲೋಟೇಪಿಗೆ ಅಂಟಿಸಿ ತೆಗೆದು ಬಾಟಲಿಗೆ ಹಾಕಿ ಮುಚ್ಚಿ.

ಸೋಲಾರ್ ಪಂಪ್ ಹಾಕಿಸಿರೋರಿಗೆ ಒಂದು ಎಚ್ಚರಿಕೆ. ಒಡೆದ ಪ್ಯಾನಲ್ಲು ಬಿಸಿಲಿದ್ರೆ ಕರೆಂಟ್ ಕೊಡ್ತಾನೇ ಇರುತ್ತೆ. ಮುಟ್ಟೋ ಮೊದಲು ಟಾರ್ಪಾಲು ಮುಚ್ಚಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮದ 106 ಐಟಂಗಳ ಪಟ್ಟಿಯಲ್ಲಿ ಸೋಲಾರ್ ಪ್ಯಾನಲ್ ಕೂಡ ಸೇರಿದೆ.

ಮೊಬೈಲ್ ಕೊಡೋ ಮೊದಲು

ಮೊಬೈಲ್ ಬಗ್ಗೆ ನಿಮಗೆ ನಾನು ಹೇಳ್ಬೇಕಾ ಅನ್ಸುತ್ತೆ, ಆದ್ರೂ ಹೇಳ್ತೀನಿ. ಟೋಕಿಯೋ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳನ್ನ ಜಪಾನಿನವರು ಜನರಿಂದ ಸಂಗ್ರಹಿಸಿದ ಹಳೇ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಮಾನಿಂದಲೇ ಮಾಡಿದ್ರು. 32 ಕೆ.ಜಿ. ಚಿನ್ನ ತೆಗೆದ್ರು ಅದರಿಂದ. ನಮ್ಮ ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಚಿನ್ನದ ಪದಕದ ಮೂಲವೂ ಯಾರೋ ಬಿಸಾಕಿದ ಫೋನು. ಹಾಗಂತ ನಿಮ್ಮ ಒಂದು ಫೋನಲ್ಲಿ ಚಿನ್ನ ಹುಡುಕೋಕೆ ಹೋಗ್ಬೇಡಿ, ಸಾಸಿವೆ ಕಾಳಿನಷ್ಟೂ ಇರಲ್ಲ. ಆಸಿಡ್‌ನಲ್ಲಿ ಬೋರ್ಡ್ ಅದ್ದಿ ಚಿನ್ನ ತೆಗೆಯೋ ವಿಡಿಯೋಗಳು ಓಡಾಡ್ತಿವೆ. ಅವನ್ನ ನೋಡಿ ಪ್ರಯೋಗ ಮಾಡಿದ್ರೆ ಶ್ವಾಸಕೋಶ ಸುಡೋದು ನಿಮ್ಮದೇ.

ಫೋನ್ ಯಾರಿಗೇ ಕೊಡಿ, ಮೊದಲು ಯುಪಿಐ ಆ್ಯಪ್‌ಗಳಿಂದ, ಗೂಗಲ್ ಖಾತೆಯಿಂದ ಲಾಗ್‌ಔಟ್ ಆಗಿ, ಸಿಮ್ಮು, ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ಪಹಣಿ, ಆಧಾರ್, ಪಾಸ್‌ಬುಕ್ ಫೋಟೋ ಎಲ್ಲ ನಮ್ಮ ಗ್ಯಾಲರಿಯಲ್ಲೇ ಬಿದ್ದಿರ್ತವೆ, ಮರೀಬೇಡಿ. ಮೊಬೈಲ್ ಸ್ಟಾರ್ಟರ್ ಒಳಗಿನ ಸಿಮ್ ಅಂತೂ ಎಲ್ಲರೂ ಮರೀತಾರೆ. ನಮ್ಮಲ್ಲಿ ಒಬ್ಬರು ಸ್ಟಾರ್ಟರ್ ಗುಜರಿಗೆ ಹಾಕಿ ಮೂರು ತಿಂಗಳಾದ ಮೇಲೆ, ಆ ಸಿಮ್ ಬ್ಯಾಂಕ್ ಖಾತೆಗೆ ಜೋಡಿಸಿದ್ದ ನಂಬರಿನದು ಅಂತ ನೆನಪು ಮಾಡ್ಕೊಂಡ್ರು.

ಕೊಡೋದಾದ್ರೂ ಎಲ್ಲಿಗೆ?

ಇಲ್ಲೇ ನಿಜವಾದ ತೊಂದರೆ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿದೆ, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಆಗಿದ್ದಕ್ಕೆ ಲೆಕ್ಕ ಇರೋದು ಶೇ. 22.3ಕ್ಕೆ ಮಾತ್ರ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಹಳ್ಳಿಯಲ್ಲಿ ನಿಂತು ನೋಡಿದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮ ಪಂಚಾಯ್ತಿಯ ಸ್ವಚ್ಛ ವಾಹಿನಿ ಗಾಡಿ ಬರುತ್ತೆ, ಓಡಿಸೋ ಅಕ್ಕನಿಗೆ ಬ್ಯಾಟರಿ ತೋರಿಸಿದ್ರೆ, "ಇದನ್ನ ಎಲ್ಲಿ ಇಳಿಸ್ಲಿ ಅಣ್ಣ?" ಅಂತ ಕೇಳಿದ್ರು. ಉತ್ತರ ನನ್ನ ಹತ್ರ ಇರಲಿಲ್ಲ. ಟೌನಿನ ಒಂದು ದೊಡ್ಡ ಅಂಗಡಿಗೆ ಹಳೇ ಯುಪಿಎಸ್ ಹೊತ್ಕೊಂಡು ಹೋದ್ರೆ, ಬ್ಯಾಟರಿ ಮಾತ್ರ ತಗೋತೀವಿ, ಡಬ್ಬ ಬೇಡ ಅಂದು ವಾಪಸ್ ಕಳಿಸಿದ್ರು.

ಗುಜರಿಯವರನ್ನ ಬೈಯೋದು ಸುಲಭ. ಮನೆ ಬಾಗಿಲಿಗೆ ಬಂದು ದುಡ್ಡು ಕೊಟ್ಟು ತಗೊಂಡು ಹೋಗೋದು ಅವರೊಬ್ಬರೇ. ಅವರು ಹೆಚ್ಚು ಕೊಡೋಕೆ ಆಗೋದು ಯಾಕೆ ಅಂದ್ರೆ, ಬೆಲೆ ಇರೋದನ್ನ ಕಿತ್ಕೊಂಡು ಬೆಲೆ ಇಲ್ಲದ್ದನ್ನ ಹಳ್ಳಕ್ಕೆ ಎಸೀತಾರೆ. ಅಧಿಕೃತವಾಗಿ ಮಾಡೋ ಕಾರ್ಖಾನೆಗೆ ಆ ಗಾಜು, ಪಾದರಸ, ಪ್ಲಾಸ್ಟಿಕ್ ಎಲ್ಲದಕ್ಕೂ ಖರ್ಚು ಮಾಡ್ಬೇಕು. ಅಷ್ಟು ವ್ಯತ್ಯಾಸ. ಮತ್ತೆ, ಪ್ಲೇಟ್ ಕರಗಿಸೋ ಹೊಗೆ ಮೊದಲು ಹೋಗೋದು ಅವರ ಮನೆ ಮಕ್ಕಳ ಮೂಗಿಗೇ.

ಅಧಿಕೃತ ಮರುಬಳಕೆದಾರರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ವೆಬ್‌ಸೈಟಿನಲ್ಲಿದೆ, ಕೇಂದ್ರ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನಲ್ಲೂ ಇದೆ. ಬೆಂಗಳೂರಿನ ಸುತ್ತಮುತ್ತ ಬೇಕಾದಷ್ಟಿವೆ. ಆದ್ರೆ ಒಂದು ಮಿಕ್ಸಿ, ಎರಡು ಮೊಬೈಲಿಗೆ ಯಾರೂ ನೂರು ಕಿಲೋಮೀಟರ್ ಗಾಡಿ ಕಳಿಸಲ್ಲ. ಅದಕ್ಕೇ ಊರು ಒಟ್ಟಾಗಬೇಕು.

ನಾವು ಆಯುಧ ಪೂಜೆನ ಹಿಡ್ಕೊಂಡ್ವಿ. ಅವತ್ತು ಎಲ್ಲರೂ ಹೆಂಗೂ ಟ್ರ್ಯಾಕ್ಟರ್ ತೊಳೀತಾರೆ, ಪಂಪ್‌ಹೌಸ್ ಗುಡಿಸ್ತಾರೆ, ಅಟ್ಟ ಇಳಿಸ್ತಾರೆ. ಗಣಪತಿ ಕೂರಿಸೋ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಹತ್ತು ದಿನ ಮೊದಲೇ ಸತ್ತ ಕರುವಿನ ಫೋಟೋ, ಹೊಟ್ಟೆಯಲ್ಲಿ ಸಿಕ್ಕ ಚೂರುಗಳ ಫೋಟೋ ಹಾಕಿದೆ. ಬೇರೇನೂ ಬರೀಲಿಲ್ಲ. ಪೂಜೆ ಹಿಂದಿನ ದಿನ ಹಾಲಿನ ಡೈರಿ ಪಕ್ಕದ ಖಾಲಿ ಕೋಣೆಗೆ, ಕೆಳಗೆ ದಪ್ಪ ಟಾರ್ಪಾಲು ಹಾಸಿ, ಸಾಮಾನು ತರಿಸಿದ್ವಿ. ಸೀಸದ ಬ್ಯಾಟರಿ ಒಂದು ಕಡೆ, ನೆಟ್ಟಗೆ ನಿಲ್ಲಿಸಿ. ಲಿಥಿಯಂ ಬೇರೆ. ಬಲ್ಬು ಟ್ಯೂಬು ರಟ್ಟಿನ ಪೆಟ್ಟಿಗೇಲಿ. ಉಳಿದದ್ದೆಲ್ಲ ಒಂದು ರಾಶಿ. ಏನನ್ನೂ ಬಿಚ್ಚಬಾರದು ಅನ್ನೋದೊಂದೇ ಕಟ್ಟುನಿಟ್ಟು.

ದೊಡ್ಡ ಬ್ಯಾಟರಿ ಹದಿನಾಲ್ಕು, ಝಟ್ಕಾ ಮತ್ತು ಸ್ಪ್ರೇಯರ್ ಬ್ಯಾಟರಿ ಐವತ್ತರ ಹತ್ರ, ಡಬ್ಬ ಟಿವಿ ಒಂಬತ್ತು, ಮೊಬೈಲ್ ಎಪ್ಪತ್ತಕ್ಕೂ ಹೆಚ್ಚು ಬಂದವು. ಎಂಬತ್ತು ದಾಟಿದ ಒಬ್ಬ ಅಜ್ಜಿ ಹಳೇ ರೇಡಿಯೋ ತಂದು, ಐದು ನಿಮಿಷ ಕೂತು, ಮತ್ತೆ ಸೆರಗಲ್ಲಿ ಸುತ್ಕೊಂಡು ವಾಪಸ್ ತಗೊಂಡು ಹೋದ್ರು. ಯಾರೂ ಕೇಳಲಿಲ್ಲ.

ಬ್ಯಾಟರಿಗಳನ್ನ ತಿಪಟೂರಿನ ಡೀಲರ್ ತೂಕಕ್ಕೆ ತಗೊಂಡ್ರು. ಉಳಿದಿದ್ದಕ್ಕೆ ಪಟ್ಟಿ ನೋಡಿ ಮೂರು ಕಡೆ ಫೋನ್ ಮಾಡಿದ್ವಿ. ಒಬ್ಬರು ಬರೀ ಬೋರ್ಡು, ಮೊಬೈಲ್ ಕೊಡಿ, ಟಿವಿ ಬೇಡ ಅಂದ್ರು; ಅವರನ್ನ ಅಲ್ಲೇ ಬಿಟ್ವಿ. ನೀವೂ ಕೇಳ್ಬೇಕಾದ್ದು ಇದನ್ನೇ: ಎಲ್ಲಾ ತಗೋತೀರಾ, ಮಂಡಳಿಯ ನೋಂದಣಿ ಪತ್ರ ವಾಟ್ಸಾಪ್ ಮಾಡ್ತೀರಾ, ತೂಕ ಬರೆದ ರಸೀದಿ ಕೊಡ್ತೀರಾ? ಮೂರಕ್ಕೂ ಹೂಂ ಅಂದವರಿಗೆ, ತುಮಕೂರಿಗೆ ಅಡಿಕೆ ಇಳಿಸೋಕೆ ಹೋಗೋ ಗೂಡ್ಸ್ ಗಾಡಿಯಲ್ಲೇ ಹಾಕಿ ಕಳಿಸಿ, ಅಲ್ಲಿ ಅವರ ವಾಹನಕ್ಕೆ ದಾಟಿಸಿದ್ವಿ. ಗುಜರಿಯವರು ಕೊಡೋದಕ್ಕಿಂತ ಕಮ್ಮಿಯೇ ಸಿಕ್ತು, ಸುಳ್ಳು ಹೇಳಲ್ಲ. ಬಲ್ಬಿಗೆ ಒಂದು ಪೈಸೆ ಇಲ್ಲ. ಬಾಡಿಗೆ ಕಳೆದು ಉಳಿದ 2,300 ರೂಪಾಯಿಗೆ ಏನು ಮಾಡೋದು ಅಂತ ಗ್ರೂಪಿನಲ್ಲಿ ಶುರುವಾದ ಜಗಳ ದೀಪಾವಳಿ ತನಕ ನಡೀತು.

ಈಗಾಗಲೇ ಬ್ಯಾಟರಿ ಒಡೆದುಬಿಟ್ಟಿರೋರು ಇದ್ರೆ: ನೀರು ಹಾಕಿ ತೊಳೀಬೇಡಿ, ಅದು ಹರಡುತ್ತೆ. ಮೊದಲು ದನ, ಕೋಳಿ, ಮಕ್ಕಳು ಹೋಗದ ಹಾಗೆ ಬೇಲಿ ಹಾಕಿ. ಗ್ಲೌಸು, ಮಾಸ್ಕ್ ಹಾಕ್ಕೊಂಡು, ಆಸಿಡ್ ಬಿದ್ದ ಕಡೆ ಸುಣ್ಣದ ಪುಡಿ ಎರಚಿ, ಚೂರುಗಳನ್ನೆಲ್ಲ ಆರಿಸಿ, ಮೇಲಿನ ಗೇಣುದ್ದ ಮಣ್ಣನ್ನ ಕೆರೆದು ಮುಚ್ಚಳ ಇರೋ ಡ್ರಮ್ಮಿಗೆ ತುಂಬಿ. ಆ ಬಟ್ಟೆನ ಮನೆ ಬಟ್ಟೆ ಜೊತೆ ನೆನೆಸಬೇಡಿ. ಅಲ್ಲಿನ ಮೇವು, ಸೊಪ್ಪು ಬಳಸಬೇಡಿ. ದನ ಹಲ್ಲು ಕಡಿಯೋದು, ಕುರುಡು ಕುರುಡಾಗಿ ಓಡಾಡೋದು ಕಂಡ್ರೆ ನಾಟಿ ಔಷಧಿ ಅಂತ ಹೊತ್ತು ಕಳೀಬೇಡಿ, 1962ಕ್ಕೆ ಫೋನ್ ಮಾಡಿ, ಬ್ಯಾಟರಿ ವಿಷಯನ ಮುಚ್ಚಿಡದೆ ಹೇಳಿ. ನಾನು ಹೇಳೋಕೆ ನಾಚಿಕೆ ಪಟ್ಟು ಹತ್ತು ನಿಮಿಷ ತಡ ಮಾಡಿದ್ದೆ.

ನಾನು ಕೆರೆದು ತೆಗೆದ ಮಣ್ಣು ಎರಡು ನೀಲಿ ಡ್ರಮ್ ಆಯ್ತು. ಮರುಬಳಕೆಯವರು ಮಣ್ಣು ತಗೊಳ್ಳಲ್ಲ. ತಾಲ್ಲೂಕಿನ ಕಚೇರಿಗೆ ಅರ್ಜಿ ಕೊಟ್ಟಿದ್ದೀನಿ, ಎರಡು ಸಲ ಹೋಗಿಯೂ ಬಂದಿದ್ದೀನಿ. ಸದ್ಯಕ್ಕೆ ಪಂಪ್‌ಹೌಸ್ ಒಳಗೆ, ಸಿಮೆಂಟ್ ನೆಲದ ಮೇಲೆ, ಬೀಗ ಹಾಕಿಟ್ಟಿದ್ದೀನಿ. ಬಣವೆನ ಆ ಕಡೆಯಿಂದ ಈ ಕಡೆಗೆ ಹಾಕಿದ್ದೀವಿ.